ಬೇಲಿಯ ಗುಲಗಂಜಿ: ನಾರಾಯಣಪೇಟೆಯಿಂದ ಗದ್ವಾಲದವರೆಗೆ

ಪುಷ್ಯ ಮಾಸದ ಹೊತ್ತಿಗೆ ನಾರಾಯಣಪೇಟೆಯ ಸುತ್ತಣ ಕೆಂಪು ನೆಲದಲ್ಲಿ ತೊಗರಿ ಕೊಯ್ಲಿಗೆ ಬಂದಿರುತ್ತದೆ. ಮಳೆಗಾಲದಲ್ಲಿ ಹಸುರು ಹೊದ್ದು ನಿಂತಿದ್ದ ಬೇಲಿಗಳು ಆಗ ಬರಿದಾಗಿ, ಕಳ್ಳಿಯ ಕೊಂಬೆಗಳೂ ಬಾರಿಯ ಮುಳ್ಳುಗಳೂ ಎದ್ದು ಕಾಣುತ್ತವೆ. ಆ ಮುಳ್ಳುಗಳ ನಡುವೆ ಸುತ್ತಿಕೊಂಡಿರುವ ತೆಳುವಾದ ಬಳ್ಳಿಯೊಂದರಲ್ಲಿ ಒಡೆದು ಹೊರಳಿದ ಕಾಯಿಗಳ ಗೊಂಚಲು. ಪ್ರತಿ ಕಾಯಿಯ ಒಳಗೆ ನಾಲ್ಕಾರು ಕಡುಗೆಂಪು ಬೀಜಗಳು. ಪ್ರತಿ ಬೀಜಕ್ಕೂ ಒಂದು ಕಪ್ಪು ಕಣ್ಣು. ಕಾಯಿ ಬಿರಿದರೂ ಬೀಜ ಕೂಡಲೇ ಉದುರುವುದಿಲ್ಲ, ಬಹುದಿನ ಸಿಪ್ಪೆಗೆ ಅಂಟಿಕೊಂಡೇ ಇರುತ್ತದೆ. ದಾರಿಹೋಕರ ಕಣ್ಣನ್ನು, ಅದಕ್ಕಿಂತ ಮೊದಲು ಮಕ್ಕಳ ಕಣ್ಣನ್ನು, ಅದು ಸೆಳೆಯುತ್ತದೆ. ಕನ್ನಡದ ಮನೆಗಳಲ್ಲಿ ಇದು ಗುಲಗಂಜಿ; ಪಕ್ಕದ ತೆಲುಗು ಮನೆಗಳಲ್ಲಿ ಗುರಿಗಿಂಜ; ಮರಾಠಿ ಬಲ್ಲವರಿಗೆ ಗುಂಜ; ಉರ್ದು ಆಡುವವರಿಗೆ ಘುಂಗ್ಚಿ, ತೂಕದ ಮಾತು ಬಂದರೆ ರತ್ತಿ.

ಒಂದು ಬಳ್ಳಿಗೆ ಒಂದೇ ಬೀದಿಯಲ್ಲಿ ನಾಲ್ಕು ಹೆಸರು ಇರುವುದು ಈ ಸೀಮೆಯಲ್ಲಿ ಅಚ್ಚರಿಯ ಸಂಗತಿಯಲ್ಲ. ಭೀಮಾ, ಕೃಷ್ಣಾ, ತುಂಗಭದ್ರೆಯರ ನಡುವಣ ಈ ನೆಲದಲ್ಲಿ ಗಡಿಗೆರೆಗಳು ಮತ್ತೆ ಮತ್ತೆ ಎಳೆಯಲ್ಪಟ್ಟಿವೆ. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ, ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು, ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಆ ಜಿಲ್ಲೆಗಳ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ನಾರಾಯಣಪೇಟೆ ಮತ್ತು ಮಕ್ತಲ ಆಗ ಮಹಬೂಬನಗರ ಜಿಲ್ಲೆಯಲ್ಲಿದ್ದವು. 2014ರಲ್ಲಿ ತೆಲಂಗಾಣ ರಾಜ್ಯ ಬಂತು. 2016ರ ಅಕ್ಟೋಬರ್ 11ರಂದು ಜೋಗುಳಾಂಬಾ ಗದ್ವಾಲ ಜಿಲ್ಲೆ, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆ ಹುಟ್ಟಿದವು. ಈ ಬದಲಾವಣೆಗಳ ಉದ್ದಕ್ಕೂ ಬಳ್ಳಿಯ ಹೆಸರುಗಳಾಗಲಿ, ಅದರ ಬಗೆಗಿನ ತಿಳಿವಳಿಕೆಯಾಗಲಿ ಗಡಿಯ ಆಚೆಗೊಂದು ಈಚೆಗೊಂದು ಎಂದು ಸೀಳಿಕೊಳ್ಳಲಿಲ್ಲ. ಆ ತಿಳಿವಳಿಕೆ ಈಗ ಬೇರೊಂದು ಕಾರಣದಿಂದ ಸವೆಯುತ್ತಿದೆ. ಅದು ಏನು, ಏಕೆ ಸವೆಯುತ್ತಿದೆ ಎಂಬುದನ್ನು ನಾರಾಯಣಪೇಟೆಯಿಂದ ಮಕ್ತಲ, ಮಕ್ತಲದಿಂದ ಗದ್ವಾಲ ಎಂಬ ಈ ಚಿಕ್ಕ ದಾರಿಯಲ್ಲಿಯೇ ನೋಡಬಹುದು.

ಮೊದಲು ಬಳ್ಳಿಯ ಪರಿಚಯ. ಗುಲಗಂಜಿ ಅವರೆ, ಹೆಸರು, ತೊಗರಿಗಳ ಬಳಗಕ್ಕೇ ಸೇರಿದ ಬಹುವಾರ್ಷಿಕ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಏಬ್ರಸ್ ಪ್ರಿಕಟೋರಿಯಸ್. ಎರಡನೆಯ ಪದಕ್ಕೆ ಪ್ರಾರ್ಥನೆಗೆ ಸಂಬಂಧಿಸಿದ್ದು ಎಂದರ್ಥ. ಬೀಜಗಳನ್ನು ಪೋಣಿಸಿ ಜಪಮಾಲೆ ಮಾಡುತ್ತಿದ್ದುದರಿಂದ ಆ ಹೆಸರು ಬಂದಿದೆ. ಎಲೆ ನೋಡಿದರೆ ಹುಣಸೆಯ ಎಲೆಯ ನೆನಪಾಗುತ್ತದೆ: ಒಂದು ಕಡ್ಡಿಯ ಎರಡು ಬದಿಗೂ ಹತ್ತರಿಂದ ಇಪ್ಪತ್ತು ಜೊತೆ ಕಿರುಎಲೆಗಳು, ತುದಿಯಲ್ಲಿ ಒಂಟಿ ಎಲೆ ಇರದು. ಮುಂಗಾರು ಬಲಿತ ಮೇಲೆ, ಶ್ರಾವಣ ಭಾದ್ರಪದಗಳಲ್ಲಿ, ಅವರೆಯ ಹೂವನ್ನು ಹೋಲುವ ತಿಳಿನೇರಳೆ ಅಥವಾ ನಸುಗೆಂಪಿನ ಸಣ್ಣ ಹೂಗಳು ಒತ್ತೊತ್ತಾಗಿ ಅರಳುತ್ತವೆ. ಬೀಜದ ಬಣ್ಣಕ್ಕೆ ಸೋತವರು ಈ ಹೂವನ್ನು ನೋಡಿಯೇ ಇರುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಬೇಲಿಯೆಲ್ಲ ಹಸುರಾಗಿದ್ದು ಹೂ ಎಲೆಗಳೊಳಗೆ ಅಡಗಿರುತ್ತದೆ. ಕಾಯಿ ಒಂದೂವರೆ ಅಂಗುಲದಷ್ಟು ಉದ್ದ, ತುದಿಯಲ್ಲಿ ಚಿಕ್ಕ ಕೊಕ್ಕು. ಕೆಂಪು ಬೀಜದ್ದಲ್ಲದೆ ಬಿಳಿಯ ಬೀಜದ ಬಗೆಯೂ ಉಂಟು; ಅದು ಅಪರೂಪ.

ಈ ಸೀಮೆಯ ನೆಲವೂ ಹವೆಯೂ ಗುಲಗಂಜಿಗೆ ಒಪ್ಪಿವೆ. ನಾರಾಯಣಪೇಟೆಯ ಕಡೆ ಹೆಬ್ಬಂಡೆಗಳ ಗುಡ್ಡ, ಅವುಗಳ ಬುಡದಲ್ಲಿ ಮರಳು ಬೆರೆತ ಕೆಂಪು ಮಣ್ಣು. ಸುರಿದ ಮಳೆ ಅಲ್ಲಿ ನಿಲ್ಲದೆ ಬಸಿದುಹೋಗುತ್ತದೆ. ಬಳ್ಳಿಗೆ ಬೇಕಾದುದು ಅದೇ: ನೀರು ನಿಲ್ಲದ ನೆಲ, ತುಂಬು ಬಿಸಿಲು, ಏರಲು ಒಂದು ಆಸರೆ. ಆಳಕ್ಕಿಳಿಯುವ ಬೇರಿನಿಂದ ಅದು ಬೇಸಗೆಯನ್ನು ತಡೆದುಕೊಳ್ಳುತ್ತದೆ. ಮೇಲಿನ ಭಾಗ ಒಣಗಿದರೂ ಬುಡ ಉಳಿದು ಮುಂದಿನ ಮಳೆಗೆ ಚಿಗುರುತ್ತದೆ. ಬೇಳೆಕಾಳಿನ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ, ಆದುದರಿಂದ ಬಡ ಮಣ್ಣೂ ಅದಕ್ಕೆ ಸಾಕು. ನೀರು ನಿಲ್ಲುವ ಎರೆಭೂಮಿಯಲ್ಲಿ, ಗದ್ದೆಯ ಬದುಗಳಲ್ಲಿ ಅದು ಅಷ್ಟಾಗಿ ಕಾಣದು. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ನೆನೆಹಾಕಿದ ಮಾತ್ರಕ್ಕೆ ಅದು ಮೊಳೆಯುವುದಿಲ್ಲ. ಸಿಪ್ಪೆಯನ್ನು ಉಜ್ಜಿ ಸವೆಸಬೇಕು ಅಥವಾ ಬಿಸಿನೀರು ತಾಕಿಸಬೇಕು. ಬೇಲಿಯ ಬುಡದಲ್ಲಿ ಬಿಸಿಲು, ಮಳೆ, ಮಣ್ಣಿನ ಉಜ್ಜಾಟಗಳೇ ಆ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ನೀರನ್ನು ಒಳಕ್ಕೆ ಬಿಡದ ಈ ಗಟ್ಟಿ ಸಿಪ್ಪೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬಳ್ಳಿಯ ತೂಕದ ಕಥೆಗೂ ವಿಷದ ಕಥೆಗೂ ಅದೇ ಕೀಲಿ.

ತೂಕದ ಕಥೆ ನಾರಾಯಣಪೇಟೆಯದು. ಈ ಪೇಟೆ ಸೀರೆಗೆ ಹೆಸರಾದಂತೆ ಚಿನ್ನದ ವ್ಯಾಪಾರಕ್ಕೂ ಹೆಸರಾಗಿದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿಯೇ ಕನಿಷ್ಠ ತೂಕವಾಗಿದ್ದ ಕಾಲ ಬಹು ಹಿಂದಿನದಲ್ಲ. ಎಂಟು ಗುಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ. ಹೀಗೆ ಒಂದು ತೊಲಕ್ಕೆ 96 ಗುಂಜಿ. ಬ್ರಿಟಿಷರು ನಿಗದಿ ಮಾಡಿದ ತೊಲದ ತೂಕ 11.66 ಗ್ರಾಂ, ಅಂದರೆ ಒಂದು ಗುಂಜಿಗೆ ಸುಮಾರು 0.12 ಗ್ರಾಂ. ಎಲ್ಲ ಬೀಜಗಳೂ ಒಂದೇ ತೂಕ ಎಂಬ ಮಾತು ಉತ್ಪ್ರೇಕ್ಷೆ. ಬಳ್ಳಿಯಿಂದ ಬಳ್ಳಿಗೆ ವ್ಯತ್ಯಾಸವುಂಟು. ಒಂದೇ ಗಾತ್ರದ ಬೀಜಗಳನ್ನು ಆಯ್ದು, ಒಂದರೊಡನೊಂದನ್ನು ತೂಗಿ ನೋಡಿ ಇಟ್ಟುಕೊಳ್ಳುವುದು ಅಕ್ಕಸಾಲಿಗನ ಕೆಲಸವಾಗಿತ್ತು. ಆದರೆ ಒಮ್ಮೆ ಆಯ್ದ ಬೀಜ ಮಳೆಗಾಲದಲ್ಲಿ ತೇವ ಹೀರಿ ಹೆಚ್ಚುವುದಿಲ್ಲ, ಬೇಸಗೆಯಲ್ಲಿ ಒಣಗಿ ಇಳಿಯುವುದಿಲ್ಲ. ಆ ಗಟ್ಟಿ ಸಿಪ್ಪೆಯೇ ಅದಕ್ಕೆ ನಾಣ್ಯದ ನಂಬಿಕೆಯನ್ನು ಕೊಟ್ಟಿತು. ಗುಲಗಂಜಿಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬ ಕನ್ನಡದ ನುಡಿಗಟ್ಟು ಹುಟ್ಟಿದ್ದು ಆ ತಕ್ಕಡಿಯ ಮುಂದೆ.

1956ನೆಯ ಇಸವಿ ಇಲ್ಲಿ ಎರಡು ಬಗೆಯಲ್ಲಿ ಗುರುತಿನ ವರ್ಷ. ಆ ವರ್ಷದ 37ನೆಯ ಕಾಯಿದೆ ರಾಜ್ಯಗಳ ಗಡಿಗಳನ್ನು ಬದಲಿಸಿತು. ಅದೇ ವರ್ಷದ 89ನೆಯ ಕಾಯಿದೆ ತೂಕ ಮತ್ತು ಅಳತೆಗಳ ಮಾನಕಗಳನ್ನು ಬದಲಿಸಿ ಮೆಟ್ರಿಕ್ ಪದ್ಧತಿಯನ್ನು ತಂದಿತು. ಒಂದರಿಂದ ಗದ್ವಾಲದ ಜಿಲ್ಲೆ ಬದಲಾಯಿತು, ಇನ್ನೊಂದರಿಂದ ಗುಲಗಂಜಿಯ ಕೆಲಸ ಹೋಯಿತು. ಇಂದು ಈ ಪೇಟೆಗಳಲ್ಲಿ ತೊಲ ಎಂದರೆ ಮಾತಿಗೆ ಹತ್ತು ಗ್ರಾಂ. ತೂಗುವುದು ವಿದ್ಯುನ್ಮಾನ ತಕ್ಕಡಿ. ವ್ಯಾಪಾರದ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಅಕ್ಕಸಾಲಿಗನ ಪೆಟ್ಟಿಗೆಯಲ್ಲಿದ್ದಾಗ ಬೀಜಕ್ಕೆ ಒಂದು ಕೆಲಸವಿತ್ತು, ಜೊತೆಗೆ ಒಂದು ಕಾವಲೂ ಇತ್ತು. ಎಣಿಸಿ ತೆಗೆಯುವುದು, ಎಣಿಸಿ ಇಡುವುದು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಅಂಗಡಿಯ ಶಿಸ್ತಿನ ಭಾಗವಾಗಿತ್ತು. ತೂಕದ ಕೆಲಸ ಹೋದಾಗ ಆ ಶಿಸ್ತೂ ಹೋಯಿತು.

ನಾರಾಯಣಪೇಟೆಯಿಂದ ಮಕ್ತಲಕ್ಕೆ ಇಳಿಯುವ ದಾರಿಯಲ್ಲಿ ನೆಲದ ಬಣ್ಣ ಅಲ್ಲಲ್ಲಿ ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಬಳ್ಳಿ ಇಲ್ಲಿ ಹೊಲದ ನಡುವಿಗಿಂತ ಗುಡ್ಡದ ಅಂಚಿನಲ್ಲಿ, ಹಾಳು ಗೋಡೆಗಳ ಮೇಲೆ, ಹಳೆಯ ಗುಡಿಗಳ ಸುತ್ತ ಹೆಚ್ಚು. ಇಲ್ಲಿಂದ ಅದರ ಔಷಧದ ಕಥೆ ತೊಡಗಬಹುದು. ಅದು ತೊಡಗುವುದು ಬೀಜದಿಂದಲ್ಲ, ಎಲೆಯಿಂದ. ಗುಲಗಂಜಿಯ ಎಲೆ ಸಿಹಿ. ಒಂದೆರಡು ಎಲೆ ಅಗಿದರೆ ಮೊದಲು ಸೊಪ್ಪಿನ ಒಗರು, ಆಮೇಲೆ ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುವ ಸಿಹಿ. ದನಿ ಒಡೆದವರು, ಗಂಟಲು ಕೆರೆತದವರು, ಬಾಯಿಹುಣ್ಣಿನವರು ಈ ಎಲೆಯನ್ನು ಅಗಿಯುವುದು ದಖ್ಖನಿನ ಬಹುಭಾಗದಲ್ಲಿ ರೂಢಿ. ವೀಳ್ಯದೊಳಗೆ ಈ ಎಲೆಯನ್ನು ಇಟ್ಟು ಮಡಿಸುವ ಪದ್ಧತಿಯೂ ಉಂಟು. ಎಲೆಯನ್ನು ಅರೆದು ಎಣ್ಣೆಯಲ್ಲಿ ಬೆಚ್ಚಗೆ ಮಾಡಿ ಬಾವಿನ ಮೇಲೆ, ಕೀಲುನೋವಿನ ಮೇಲೆ ಕಟ್ಟುತ್ತಾರೆ. ಬೇರನ್ನು ಕೆಮ್ಮಿಗೆ ಕೊಡುವ ವಾಡಿಕೆಯೂ ಇದೆ. ಜ್ಯೇಷ್ಠಮಧು ಸಿಗದಲ್ಲಿ ಅದರ ಬದಲಿಗೆ ಗುಲಗಂಜಿಯ ಬೇರನ್ನು ಬಳಸಿದ್ದರಿಂದ ಇಂಗ್ಲಿಷಿನವರು ಇದನ್ನು ಹಿಂದೂಸ್ಥಾನದ ಜ್ಯೇಷ್ಠಮಧು ಎಂದೇ ಕರೆದರು.

ಈ ರೂಢಿಗೆ ಆಧಾರವಿಲ್ಲದಿಲ್ಲ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿ ವಸ್ತು ಗುಲಗಂಜಿಯ ಎಲೆ ಮತ್ತು ಬೇರುಗಳಲ್ಲಿಯೂ ಇದೆ. ಎಲೆಯಲ್ಲಿ ಸಕ್ಕರೆಗಿಂತ ಹಲವು ಪಟ್ಟು ಸಿಹಿಯಾದ ಬೇರೆ ವಸ್ತುಗಳೂ ಇವೆ. ಆದರೆ ಜ್ಯೇಷ್ಠಮಧುವಿಗೆ ಅನ್ವಯಿಸುವ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಆ ಸಿಹಿ ವಸ್ತು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ರಕ್ತದೊತ್ತಡದವರು, ಮೂತ್ರಪಿಂಡದ ತೊಂದರೆಯವರು, ಬಸುರಿಯರು ಇದರಿಂದ ದೂರವಿರುವುದೇ ಲೇಸು. ಅಲ್ಲದೆ ಎಲೆ ಕೀಳುವ ಕೈಗೆ ಬೀಜದ ತುಣುಕು ಸೇರದಂತೆ ನೋಡಿಕೊಳ್ಳಬೇಕು. ಹೂ ಬಿಡುವ ಮೊದಲು, ಕಾಯಿ ಇರದ ಎಳೆಯ ಕುಡಿಯಿಂದ ಕಿತ್ತ ಎಲೆಯಲ್ಲಿ ಆ ಅಪಾಯವಿರುವುದಿಲ್ಲ.

ಬೀಜದ ವಿಷಯ ಬೇರೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಗುಂಜೆಯನ್ನು ವಿಷಗಳ ಸಾಲಿನಲ್ಲಿ ಎಣಿಸಿದೆ. ನಂತರದ ಆಯುರ್ವೇದ ಗ್ರಂಥಗಳು ಅದನ್ನು ಉಪವಿಷ ಎಂದು ಕರೆದು, ಶುದ್ಧಿ ಮಾಡದೆ ಬಳಸಬಾರದೆಂದು ವಿಧಿಸಿವೆ. ಶುದ್ಧಿಯ ಕ್ರಮವೆಂದರೆ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ, ಹಸುವಿನ ಹಾಲಿನಲ್ಲೋ ಗಂಜಿಯ ಹುಳಿನೀರಿನಲ್ಲೋ ತೂಗುಬಿಟ್ಟು, ತಾಸುಗಟ್ಟಲೆ ಕುದಿಸುವುದು. ಹೀಗೆ ಶುದ್ಧಿಗೊಂಡ ಬೀಜವನ್ನು ವೈದ್ಯರು ಹೆಚ್ಚಾಗಿ ಹೊರಲೇಪಕ್ಕೆ ಬಳಸಿದರು: ತಲೆಗೂದಲು ಬಿಲ್ಲೆಬಿಲ್ಲೆಯಾಗಿ ಉದುರಿದಲ್ಲಿ, ತೊನ್ನಿನ ಕಲೆಗಳ ಮೇಲೆ, ಸೊಂಟದಿಂದ ಕಾಲಿಗಿಳಿಯುವ ನೋವಿಗೆ. ಗುಂಜಾತೈಲ ಎಂಬುದು ಇಂದಿಗೂ ತಲೆಗೆ ಹಚ್ಚುವ ಎಣ್ಣೆಯಾಗಿ ಪ್ರಸಿದ್ಧ. ಬೀಜದ ವಿಷ ಒಂದು ಬಗೆಯ ಪ್ರೋಟೀನು. ಕಲ್ಕತ್ತೆಯಲ್ಲಿ ಕೆಲಸ ಮಾಡುತ್ತಿದ್ದ ವಾರ್ಡನ್ ಮತ್ತು ವ್ಯಾಡೆಲ್ 1884ರಲ್ಲಿ ಅದನ್ನು ಬೇರ್ಪಡಿಸಿ ಏಬ್ರಿನ್ ಎಂದು ಹೆಸರಿಟ್ಟರು. ಮೊಟ್ಟೆಯ ಬಿಳಿಭಾಗ ಬೇಯುವಾಗ ಹೆಪ್ಪುಗಟ್ಟುವಂತೆ ಪ್ರೋಟೀನು ಬಿಸಿಗೆ ಕೆಡುತ್ತದೆ. ತಾಸುಗಟ್ಟಲೆ ಕುದಿಸಬೇಕೆಂಬ ಹಿರಿಯರ ವಿಧಿಯ ಒಳಗೆ ಈ ಸತ್ಯವಿತ್ತು. ಹಾಗೆಂದು ಮನೆಯ ಒಲೆಯ ಮೇಲೆ ಯಾರೂ ಇದನ್ನು ಮಾಡತಕ್ಕದ್ದಲ್ಲ; ಕಾವು ಆ ಗಟ್ಟಿ ಸಿಪ್ಪೆಯ ಒಳಕ್ಕೆ ಪೂರ್ತಿ ಇಳಿಯಿತೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಆಯುರ್ವೇದದಲ್ಲಿ ಗುಂಜೆಗೆ ಇನ್ನೊಂದು ಪಾತ್ರವಿದೆ, ಅದು ಕುತೂಹಲಕರ. ತೀಕ್ಷ್ಣ ಔಷಧಗಳ ಪ್ರಮಾಣವನ್ನು ವೈದ್ಯರು ಗುಂಜೆಯ ಲೆಕ್ಕದಲ್ಲಿ ಹೇಳುತ್ತಾರೆ. ಇಂದಿನ ಸರಕಾರಿ ಔಷಧ ಸಂಹಿತೆಗಳಲ್ಲಿ ಒಂದು ಗುಂಜೆ ಎಂದರೆ 125 ಮಿಲಿಗ್ರಾಂ. ತಾನೇ ವಿಷವಾದ ಬೀಜವೊಂದು ಇತರ ಮದ್ದುಗಳು ವಿಷವಾಗದಂತೆ ಅಳೆಯುವ ಅಳತೆಯಾಯಿತು. ಮದ್ದು ಮತ್ತು ವಿಷದ ನಡುವಣ ಎಲ್ಲೆ ವಸ್ತುವಿನಲ್ಲಿಲ್ಲ, ಪ್ರಮಾಣದಲ್ಲಿದೆ, ಅದನ್ನು ಬಲ್ಲ ಕೈಯಲ್ಲಿದೆ ಎಂಬುದನ್ನು ಹಿಂದಿನವರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿ.

ಆ ಎಲ್ಲೆಯನ್ನು ಕಾಯಲು ಕಾಯಿದೆಯೂ ಯತ್ನಿಸಿದೆ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ ಇ(1) ಅನುಸೂಚಿಯಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದೆ. ಎಕ್ಕ, ಗೇರು ಜಾತಿಯ ಭಲ್ಲಾತಕ, ದತ್ತೂರಿಗಳ ಜೊತೆ ಗುಂಜಾಬೀಜವೂ ಅದರಲ್ಲಿದೆ. ಈ ದ್ರವ್ಯಗಳಿಂದ ಮಾಡಿದ ಒಳಗೆ ಸೇವಿಸುವ ಔಷಧದ ಶೀಸೆಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು ಎಂಬ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಮುದ್ರಿಸಬೇಕೆಂದು 161ನೆಯ ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 1954ರ ಇನ್ನೊಂದು ಕಾಯಿದೆ ತೊನ್ನು ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನೇ ನಿಷೇಧಿಸಿದೆ. ನಿಯಮಗಳ ಉದ್ದೇಶ ಒಳ್ಳೆಯದು. ಆದರೆ ಮಕ್ತಲದಿಂದ ದಕ್ಷಿಣಕ್ಕೆ, ಭೀಮೆ ಕೃಷ್ಣೆಯನ್ನು ಸೇರುವ ತಂಗಡಿಯ ಕಡೆಗೆ ಹೊರಟರೆ, ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಕಚೇರಿಯ ಭಾಷೆ ತೆಲುಗು. ಅಲ್ಲಿಯ ಮುದುಕಿಯೊಬ್ಬಳ ಕೈಗೆ ಬಂದ ಶೀಸೆಯ ಮೇಲಿನ ಎಚ್ಚರಿಕೆ ಆಕೆ ಆಡುವ ಎರಡು ಭಾಷೆಗಳಲ್ಲಿಯೂ ಇಲ್ಲದೆ ಇರಬಹುದು. ಕಾಯಿದೆ ತನ್ನ ಮಾತನ್ನು ಹೇಳಿ ಮುಗಿಸಿರುತ್ತದೆ. ಕೇಳಬೇಕಾದವಳಿಗೆ ಅದು ಕೇಳಿಸಿರುವುದಿಲ್ಲ. ಇಂಥಲ್ಲಿ ಆಕೆಯನ್ನು ಕಾಯುವುದು ತಾಯಿಯಿಂದ, ಅತ್ತೆಯಿಂದ ಬಂದ ಮಾತೊಂದೇ: ಗುಲಗಂಜಿಯ ಎಲೆ ಬಾಯಿಗೆ ಆದೀತು, ಬೀಜ ಬಾಯಿಗಲ್ಲ.

ಮಕ್ತಲದಿಂದ ಅಮರಚಿಂತ, ಆತ್ಮಕೂರುಗಳನ್ನು ಹಾದು ಜುರಾಲಾ ಅಣೆಕಟ್ಟೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಗದ್ವಾಲದ ಸೀಮೆ. ಕೃಷ್ಣಾ ತುಂಗಭದ್ರೆಯರ ನಡುವಣ ಈ ನಾಡಿಗೆ ಜನ ನಡಿಗಡ್ಡ ಎನ್ನುತ್ತಾರೆ; ಪಶ್ಚಿಮಕ್ಕೆ ಇದೇ ನೆಲ ರಾಯಚೂರಿನ ದೋಆಬಾಗಿ ಮುಂದುವರಿಯುತ್ತದೆ. ಸೋಮನಾದ್ರಿ ಕಟ್ಟಿಸಿದ ಕೋಟೆ, ಅದರೊಳಗಿನ ಚೆನ್ನಕೇಶವ ಗುಡಿ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸುವ ನೇಕಾರರ ಮಗ್ಗಗಳು ಗದ್ವಾಲದ ಹೆಸರನ್ನು ದೂರಕ್ಕೆ ಒಯ್ದಿವೆ. ಎರಡು ನದಿಗಳ ನಡುವಣ ಎಲ್ಲ ಬೇಸಾಯದ ನಾಡುಗಳಂತೆ ಇದು ಎತ್ತುಗಳ ನಾಡೂ ಹೌದು. ಆದುದರಿಂದ ಗುಲಗಂಜಿಯ ಕರಾಳ ಮುಖವನ್ನು ಹೇಳಲು ಇದು ತಕ್ಕ ಸ್ಥಳ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಲವೆಡೆ ತೊಗಲಿನ ಆಸೆಗೆ ದನಗಳನ್ನು ಗುಟ್ಟಾಗಿ ಕೊಲ್ಲಲು ಈ ಬೀಜ ಬಳಕೆಯಾಗುತ್ತಿತ್ತು. ಹಾವು ಕಚ್ಚಿತೆಂದು ಒಡೆಯ ನಂಬುತ್ತಿದ್ದ. ನ್ಯಾಯವೈದ್ಯಶಾಸ್ತ್ರದ ಹಳೆಯ ಗ್ರಂಥಗಳು ಇದನ್ನು ದಾಖಲಿಸಿವೆ. 1920ರಲ್ಲಿ ಮೊದಲು ಅಚ್ಚಾಗಿ ಇಂದಿಗೂ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುವ ಜೈಸಿಂಗ್ ಮೋದಿಯವರ ಗ್ರಂಥದಲ್ಲಿ ಗುಂಜೆಗೆ ಸ್ಥಾನವಿದೆ. ದನವನ್ನು ಕೊಲ್ಲುವುದನ್ನು ಭಾರತೀಯ ದಂಡ ಸಂಹಿತೆಯ 428, 429ನೆಯ ಕಲಮುಗಳು ಅಪರಾಧವಾಗಿಸಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 325ನೆಯ ಕಲಮು. ವಿಷವಸ್ತುವನ್ನು ಇತರರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಇಟ್ಟುಕೊಳ್ಳುವುದು ಕೂಡ ಅಪರಾಧವೇ. ಅದು 286ನೆಯ ಕಲಮು.

ಯುರೋಪಿನವರೂ ಈ ಬೀಜದ ಕೈಯಲ್ಲಿ ಪಾಠ ಕಲಿತರು. 1882ರಲ್ಲಿ ಪ್ಯಾರಿಸಿನ ನೇತ್ರವೈದ್ಯ ಲೂಯಿ ದ ವೆಕರ್, ಬ್ರೆಜಿಲಿನ ಜನರಿಂದ ತಿಳಿದ ಪ್ರಕಾರ, ಕಣ್ಣಿನ ಟ್ರಕೋಮಾ ರೋಗಕ್ಕೆ ಗುಲಗಂಜಿಯ ಬೀಜದ ಕಷಾಯವನ್ನು ಬಳಸತೊಡಗಿದ. ಕೆಲವು ವರ್ಷ ಅದು ಜನಪ್ರಿಯವಾಗಿ, ಕಣ್ಣಿನ ಪಾಪೆಗೆ ಹಾನಿಯಾಗುವುದು ಕಂಡುಬಂದ ಮೇಲೆ ಕೈಬಿಡಲಾಯಿತು. 1891ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಹರಳುಬೀಜದ ವಿಷ ಮತ್ತು ಗುಲಗಂಜಿಯ ವಿಷ ಎರಡನ್ನೂ ಇಟ್ಟುಕೊಂಡು ಪ್ರಯೋಗ ನಡೆಸಿ, ದೇಹ ಒಂದು ವಿಷಕ್ಕೆ ಬೆಳೆಸಿಕೊಂಡ ತಡೆ ಇನ್ನೊಂದಕ್ಕೆ ಸಲ್ಲದು ಎಂದು ತೋರಿಸಿದ. ಇಂದಿನ ರೋಗನಿರೋಧ ಶಾಸ್ತ್ರದ ಅಡಿಗಲ್ಲುಗಳಲ್ಲಿ ಅದೂ ಒಂದು. ನಮ್ಮ ಬೇಲಿಯ ಬೀಜ ಅಷ್ಟು ದೂರ ಹೋಗಿ ಬಂದಿದೆ.

ಮನೆಮಂದಿ ತಿಳಿಯಬೇಕಾದುದು ಇಷ್ಟು. ಏಬ್ರಿನ್ ದೇಹದ ಜೀವಕೋಶಗಳು ಪ್ರೋಟೀನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಇಡೀ ಬೀಜವನ್ನು ಮಗು ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಅದು ಹಾಗೆಯೇ ಹೊರಬಿದ್ದುಹೋಗುವುದುಂಟು. ಅಗಿದರೆ, ಜಜ್ಜಿದರೆ, ಮಣಿಸರಕ್ಕೆಂದು ತೂತು ಮಾಡಿದ ಬೀಜವನ್ನು ನುಂಗಿದರೆ ವಿಷ ಹೊರಬರುತ್ತದೆ. ಒಂದೇ ಬೀಜ ಪ್ರಾಣಕ್ಕೆ ಎರವಾಗಬಹುದು. ವಾಂತಿ, ಹೊಟ್ಟೆನೋವು, ರಕ್ತ ಬೆರೆತ ಭೇದಿ ಕೂಡಲೇ ತೋರದೆ ಹಲವು ತಾಸು, ಕೆಲವೊಮ್ಮೆ ಒಂದೆರಡು ದಿನ ತಡವಾಗಿ ತೋರಬಹುದು. ಇದಕ್ಕೆ ಪ್ರತಿವಿಷವಿಲ್ಲ; ಆಸ್ಪತ್ರೆಯ ಆರೈಕೆಯೇ ಗತಿ. ಮಗು ಚೆನ್ನಾಗಿದೆಯೆಂದು ಕಾದು ಕೂರದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜವನ್ನು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಬೇಕು. ಗುರಿಗಿಂಜಕ್ಕೆ ತನ್ನ ಬುಡದ ಕಪ್ಪು ತಿಳಿಯದು ಎಂಬ ಗಾದೆ ತೆಲುಗಿನಲ್ಲಿದೆ. ತನ್ನ ದೋಷ ಕಾಣದವರನ್ನು ಕುರಿತ ಗಾದೆ ಅದು. ಬೀಜವನ್ನು ಬರಿಯ ಚೆಲುವೆಂದು ಕಾಣುವವರಿಗೂ ಒಪ್ಪುತ್ತದೆ.

ಈಗ ಗದ್ವಾಲದ ಸುತ್ತ ಗುಲಗಂಜಿಯನ್ನು ಹುಡುಕಬೇಕಾಗುತ್ತದೆ. ಕಾಲುವೆ ನೀರು ಬಂದು, ಹತ್ತಿಬೀಜದ ಬೇಸಾಯ ಹಬ್ಬಿ, ಹೊಲದ ಒಂದೊಂದು ಗೇಣಿಗೂ ಬೆಲೆ ಬಂದಿದೆ. ಮುಳ್ಳುಬೇಲಿ ಇದ್ದಲ್ಲಿ ಕಲ್ಲುಕಂಬ, ತಂತಿ. ಬದುವಿನ ಮೇಲೆ ಕಳೆನಾಶಕ ಬೀಳುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಬೇಲಿಯಿಂದ ಅವನ ಮನೆ ನಡೆಯುವುದಿಲ್ಲ. ಆದರೆ ಬಳ್ಳಿ ಹೋದಲ್ಲಿ ಬೀಜ ಹೋಗಿಲ್ಲ ಎಂಬುದನ್ನು ಗಮನಿಸಬೇಕು. ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ, ಮೊಬೈಲಿನ ಮಾರುಕಟ್ಟೆಗಳಲ್ಲಿ ಲಕ್ಷ್ಮೀಪ್ರದ ಎಂಬ ಹೆಸರಿನಲ್ಲಿ ಕೆಂಪು, ಬಿಳಿ ಗುಂಜಿಗಳ ಪೊಟ್ಟಣ ಸಿಗುತ್ತದೆ. ಬೇಲಿಯಿಂದ ಬಂದ ಬೀಜದ ಜೊತೆ ಅಜ್ಜಿಯ ಬೈಗುಳವೂ ಬರುತ್ತಿತ್ತು. ಪೊಟ್ಟಣದಲ್ಲಿ ಬಂದ ಬೀಜದ ಜೊತೆ ಏನೂ ಬರುವುದಿಲ್ಲ. ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಎಂಬ ಹೆಸರಾಂತ ಸಸ್ಯೋದ್ಯಾನ ಕೂಡ ಇದೇ ಬೀಜದ ಕೈಬಳೆಗಳನ್ನು ಮಾರಿ, 2011ರಲ್ಲಿ ಅಪಾಯ ತಿಳಿದ ಮೇಲೆ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸಸ್ಯಗಳನ್ನೇ ಕಸುಬಾಗಿಸಿಕೊಂಡವರ ಕಣ್ಣೂ ತಪ್ಪಿತೆಂದರೆ, ಬಳ್ಳಿಯನ್ನೇ ನೋಡದ ಪೇಟೆಯ ಮಗುವಿನ ಗತಿಯೇನು?

ಆದುದರಿಂದ ಗುಲಗಂಜಿಯನ್ನು ಕಿತ್ತೆಸೆದರೆ ಅಪಾಯ ಕಳೆಯಿತು ಎಂಬ ಲೆಕ್ಕ ಸರಿಯಲ್ಲ. ಬಳ್ಳಿಯನ್ನು ಬಲ್ಲ ಊರಿಗಿಂತ ಬಳ್ಳಿಯನ್ನು ಮರೆತ ಊರಿನಲ್ಲಿ ಆ ಬೀಜದ ಭಯ ಹೆಚ್ಚು. ಇದಕ್ಕೆ ಒಂದು ದಾರಿ ಕಾಯಿದೆಯಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯಿದೆಯ 41ನೆಯ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಬಳ್ಳಿಗಳನ್ನೂ ಅವುಗಳ ಬಗೆಗಿನ ಜನರ ಅರಿವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಯನ್ನು ಆ ಸಮಿತಿ ಸ್ಥಳೀಯರ ಜೊತೆ ಸಮಾಲೋಚಿಸಿ ಸಿದ್ಧಪಡಿಸಬೇಕು. ದಾಖಲೆ ಬರೆಯಲು ಬಂದವರಿಗೆ ಗುರಿಗಿಂಜ ಎಂಬ ಹೆಸರಿನ ಪಕ್ಕದಲ್ಲಿ ಗುಲಗಂಜಿ ಎಂದೂ ಬರೆಯಿರೆಂದು ಕೃಷ್ಣಾ, ಮಾಗನೂರು, ಮಕ್ತಲ ಮಂಡಲಗಳ ಕನ್ನಡಿಗರು ಕೇಳಬಹುದು. ಎಲೆಯ ಗುಣವನ್ನೂ ಬೀಜದ ದೋಷವನ್ನೂ ಒಂದೇ ಸಾಲಿನಲ್ಲಿ ಬರೆಸಬಹುದು. ಹೆಸರು ಉಳಿದರೆ ಅದಕ್ಕಂಟಿದ ಎಚ್ಚರಿಕೆಯೂ ಉಳಿಯುತ್ತದೆ.

ಎರಡನೆಯ ದಾರಿಗೆ ಸಮಿತಿಯೂ ಬೇಡ, ಕಾಗದವೂ ಬೇಡ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ನದಿಯ ಈಚೆ ದಡದಲ್ಲಿಯೂ ಆಚೆ ದಡದಲ್ಲಿಯೂ, ಕನ್ನಡದ ಮನೆಗಳಲ್ಲಿಯೂ ತೆಲುಗು ಮನೆಗಳಲ್ಲಿಯೂ ಅದನ್ನು ಆಚರಿಸುತ್ತಾರೆ. ಕೆರೆಯ ಮಣ್ಣು ತಂದು ಎತ್ತುಗಳನ್ನು ಮಾಡಿ, ಚಳಿಗಾಲದಲ್ಲಿ ಆಯ್ದಿಟ್ಟ ಗುಲಗಂಜಿ ಇದ್ದರೆ ಅದನ್ನೇ ಅವುಗಳ ಕಣ್ಣಿಗೆ ಒತ್ತುತ್ತಾರೆ. ಎರಡು ತಿಂಗಳ ಮೇಲೆ ಗಣೇಶನ ಕಣ್ಣಿಗೂ ಅದೇ. ಡಬ್ಬಿಯಿಂದ ಬೀಜ ತೆಗೆಯುವ ಆ ಹೊತ್ತಿನಲ್ಲಿ ಮಕ್ಕಳು ಸುತ್ತ ಕೂತಿರುತ್ತಾರೆ. ಎತ್ತಿನ ಕಣ್ಣಿಗೆ ಎಷ್ಟು ಬೇಕೋ ಅಷ್ಟನ್ನು ಎಣಿಸಿ ತೆಗೆದು, ಇದನ್ನು ಏಕೆ ಬಾಯಿಗೆ ಹಾಕಬಾರದೆಂದು ಹೇಳಿ, ಉಳಿದದ್ದನ್ನು ಎಣಿಸಿ ಮೇಲಿನ ಗೂಡಿನಲ್ಲಿ ಇಡಲು ಅದಕ್ಕಿಂತ ಒಳ್ಳೆಯ ಹೊತ್ತು ವರ್ಷದಲ್ಲಿ ಬೇರೆ ಸಿಗದು.